ಹಳದಿಯ ಮೇಲೆ ನೇರಳೆ

ಕುಡುಕನ ವಾಂತಿ ತೊಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಬಾಗಿಲ ಚಿಲಕ ಹಾಕಬೇಕು, ಆಮೇಲೆ ಕಿಟಕಿ ತೆರೆಯಬೇಕು, ಆಮೇಲೆ ನಲ್ಲಿಯನ್ನು ಜೋರಾಗಿ ಬಿಡಬೇಕು. ನೀರಿನ ಸದ್ದಿನಲ್ಲಿ ಓಕರಿಕೆಯ ಸದ್ದು ಮುಚ್ಚಿಹೋಗುತ್ತದೆ. ಹೊರಗೆ ಓಡಾಡುವವರು ಅಕ್ಕ ಮೇಕಪ್ ಬ್ರಷ್ ತೊಳೆಯುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳುವುದೇನು ಬಂತು, ಅಂದುಕೊಂಡ ಹಾಗೆ ನಟಿಸುತ್ತಾರೆ. ಆ ಸ್ಟುಡಿಯೋದಲ್ಲಿ ನಟನೆಗೇನೂ ಬರವಿರಲಿಲ್ಲ.

ಬೆಳಿಗ್ಗೆ ಏಳೂವರೆ. ಮೇಕಪ್ ಕೋಣೆಯ ಬೇಸಿನ್ನಿಗೆ ಬಾಗಿ ನಿಂತಿದ್ದ ತಮ್ಮನ ಬೆನ್ನನ್ನು ಅಕ್ಕ ಒಂದು ಕೈಯಿಂದ ನೀವುತ್ತ, ಇನ್ನೊಂದು ಕೈಯಿಂದ ತನ್ನ ಮೂಗು ಮುಚ್ಚಿಕೊಂಡಿದ್ದಳು. ಅವಳಿಗೆ ಕರುಣೆ ಬರಲಿಲ್ಲ. ಕರುಣೆ ಬರುತ್ತಿದ್ದ ಕಾಲವೊಂದಿತ್ತು, ಅದು ಖರ್ಚಾಗಿ ಎಷ್ಟೋ ವರ್ಷವಾಗಿತ್ತು. ಈಗ ಬರುತ್ತಿದ್ದದ್ದು ಹೇಸಿಗೆ ಒಂದೇ. ಅವನ ಉಗುರ ಸಂದಿಯ ಕೊಳೆ, ನಾಲಿಗೆಯ ಮೇಲಿನ ಬಿಳಿ ಬೂಸಲು, ಬೆವರಿಗೆ ಹತ್ತಿಕೊಂಡ ಕೊಳೆತ ಹಣ್ಣಿನ ವಾಸನೆ, ಯಾವುದು ಎದುರಾದರೂ ಅವಳು ಮುಖ ತಿರುಗಿಸುತ್ತಿದ್ದಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನನ್ನು ಕಂಡು ಇಷ್ಟು ಅಸಹ್ಯಪಡಬಹುದೇ ಎಂದು ಮೊದಮೊದಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಯೂ ಬಿಟ್ಟುಹೋಗಿತ್ತು.

“ಆಯ್ತೇನೋ?”

“ಆಯ್ತಕ್ಕ. ನಿನ್ನೆ ತಿಂದಿದ್ದು ಯಾಕೋ ಸರಿಹೋಗಿಲ್ಲ.”

“ತಿಂದಿದ್ದು ಎಲ್ಲಿದೆಯೋ ಇದ್ರಲ್ಲಿ? ತೋರಿಸು ನೋಡೋಣ.”

ಅವನು ಟವೆಲಿನಲ್ಲಿ ಬಾಯೊರೆಸಿಕೊಂಡು ಹಲ್ಲು ಕಿರಿದ. ಆ ನಗುವಿಗೇ ಊರಿಗೂರೇ ಮರುಳಾಗಿತ್ತು. ವಾರಕ್ಕೆ ಆರು ದಿನ, ಒಂಬತ್ತು ವರ್ಷದಿಂದ, ಬಡವರ ಆಸ್ಪತ್ರೆಯ ದೇವರಂಥ ಡಾಕ್ಟರಾಗಿ ಅವನು ಟಿವಿಯಲ್ಲಿ ಬರುತ್ತಿದ್ದ. ಅವನು ನಾಡಿ ಹಿಡಿದರೆ ಸಾಯುವವರೂ ಎದ್ದು ಕೂರುತ್ತಿದ್ದರು. ಸಂಭಾಷಣೆ ಬರೆಯುವವನು ಹಾಗೆ ಬರೆದಿದ್ದ. ಸ್ಟುಡಿಯೋದ ಕಾವಲುಗಾರನಿಂದ ಹಿಡಿದು ನಿರ್ಮಾಪಕಿಯವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಡಾಕ್ಟ್ರೇ’ ಎಂದೇ. ಅವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ನಿಜವಾಗಿ ಅಕ್ಕ ಆಗಿದ್ದದ್ದು ಅವನೊಬ್ಬನಿಗೆ.

ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಕೆಲಸ ಶುರುಮಾಡಿದಳು. ಆರೇಳು ತಿಂಗಳಿಂದ ಅವನ ಚರ್ಮ ಹಳದಿಗೆ ತಿರುಗಿತ್ತು. ಹಳದಿಯ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ಕ್ಯಾಮೆರಾದಲ್ಲಿ ಬೂದಿ ಬಡಿದಂತೆ ಕಾಣುತ್ತದೆ. ಅದಕ್ಕೆ ಮೊದಲು ತೆಳ್ಳಗೆ ನೇರಳೆ ಲೇಪ ಕೊಡಬೇಕು. ನೇರಳೆ ಹಳದಿಯನ್ನು ನುಂಗುತ್ತದೆ. ಆಮೇಲೆ ಮೈಬಣ್ಣ, ಕೆನ್ನೆಗೆ ಇಷ್ಟೇ ಇಷ್ಟು ಗುಲಾಬಿ, ತುಟಿಗೆ ಬಣ್ಣವಿದ್ದೂ ಇಲ್ಲದಂಥ ಕೆಂಪು. ಕಣ್ಣಿನ ಬಿಳಿಯನ್ನು ಮಾತ್ರ ಬಳಿಯುವ ಹಾಗಿರಲಿಲ್ಲ. ಅದಕ್ಕೆ ನೀಲಿ ಛಾಯೆಯ ಕನ್ನಡಕ ಹಾಕಿಸಿದ್ದಳು. ಅದನ್ನು ನೋಡಿ ಊರ ಹುಡುಗರೆಲ್ಲ ನೀಲಿ ಕನ್ನಡಕ ಹಾಕಿಕೊಂಡು ತಿರುಗುತ್ತಿದ್ದರು. ನಲವತ್ತು ನಿಮಿಷದಲ್ಲಿ ಕೊಳೆತು ನಾರುವ ದೇಹವೊಂದು ಮದುವೆ ಗಂಡಿನ ಹಾಗೆ ಕಳೆಕಳೆಯಾಗುತ್ತಿತ್ತು. ತಿಪ್ಪೆ ಸಾರಿಸುವುದು ಅನ್ನುತ್ತಾರಲ್ಲ, ಅದನ್ನು ಅವಳಷ್ಟು ಅಚ್ಚುಕಟ್ಟಾಗಿ ಮಾಡುವವರು ಆ ಉದ್ಯಮದಲ್ಲಿ ಇನ್ನೊಬ್ಬರಿರಲಿಲ್ಲ.

ಅವನನ್ನು ಈ ಉದ್ಯಮಕ್ಕೆ ಕರೆತಂದವಳೂ ಅವಳೇ. ಆಗವಳು ಮೇಕಪ್ ಸಹಾಯಕಿ. ಹೆಣದ ಪಾತ್ರದವನು ಕೈಕೊಟ್ಟ ದಿನ, ಅವಳಿಗೆ ಊಟದ ಡಬ್ಬಿ ಕೊಡಲು ಬಂದಿದ್ದ ತಮ್ಮನನ್ನೇ ಮಲಗಿಸಿದರು. ಹೆಣ ಚೆಂದವಿದೆ ಎಂದು ಯಾರೋ ಅಂದರು. ಮುಂದಿನ ವಾರ ವಾರ್ಡ್‌ಬಾಯ್ ಆದ, ಎರಡು ವರ್ಷಕ್ಕೆ ಡಾಕ್ಟರಾದ. ಮೊದಲ ಗುಟುಕು ಕೊಟ್ಟದ್ದೂ ಇದೇ ಜಾಗ. ಒಂದು ದಿನ ಎಷ್ಟು ತಿಣುಕಿದರೂ ಅವನಿಗೆ ಅಳು ಬರಲಿಲ್ಲ. ಆಗಿನ ನಿರ್ದೇಶಕ ಪಕ್ಕಕ್ಕೆ ಕರೆದು ಲೋಟ ಕೈಗಿಟ್ಟು, “ಗಟಗಟ ಕುಡ್ದುಬಿಡು, ತಾನಾಗೇ ಬರುತ್ತೆ,” ಅಂದ. ಬಂತು. ಮನೆಮನೆಯಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆವತ್ತಿನಿಂದ ಅಳುವುದಕ್ಕೊಂದು ಲೋಟ, ನಗುವುದಕ್ಕೊಂದು ಲೋಟ, ಕೊನೆಗೆ ಹಾಸಿಗೆಯಿಂದ ಏಳುವುದಕ್ಕೂ ಒಂದು ಲೋಟವಾಯಿತು. ಮಗಳ ಶಾಲೆಗೆ ಮುಖ್ಯ ಅತಿಥಿಯಾಗಿ ಹೋದವನು ವೇದಿಕೆಯ ಮೇಲೇ ಪ್ಯಾಂಟು ಒದ್ದೆ ಮಾಡಿಕೊಂಡ. ಮಗಳು ಕೊನೆಯ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳಂತೆ. ಆ ವಾರವೇ ಹೆಂಡತಿ ಮಗಳನ್ನು ಕರೆದುಕೊಂಡು ಹೊರಟುಹೋದಳು. ಒಳ್ಳೆಯದೇ ಮಾಡಿದಳು ಎಂದು ಅಕ್ಕ ಯಾರಿಗೂ ಹೇಳಲಿಲ್ಲ, ಮನಸ್ಸಿನಲ್ಲಿ ಮಾತ್ರ ಅಂದುಕೊಂಡಳು.

ಬಾಟಲಿ ಎಲ್ಲಿಡುತ್ತಿದ್ದ ಎಂಬುದೊಂದು ಗುಟ್ಟೇ ಅಲ್ಲ. ಸೆಟ್ಟಿನ ಆಸ್ಪತ್ರೆಯಲ್ಲಿ ಔಷಧಿಯ ಗಾಜಿನ ಬೀರುವೊಂದಿತ್ತು. ಅದರ ಮೂರನೇ ಸಾಲಿನ ಕಂದು ಬಾಟಲಿಗಳಿಗೆ ಟಾನಿಕ್ ಎಂಬ ಚೀಟಿ ಅಂಟಿಸಿದ್ದರು. ಸಾಮಾನು ಜೋಡಿಸುವವನು ದಿನಾ ಬೆಳಿಗ್ಗೆ ಅವುಗಳ ಧೂಳು ಒರೆಸಿ ಹೆಂಡ ತುಂಬಿಸಿಡುತ್ತಿದ್ದ. ಡಾಕ್ಟರು ರೋಗಿಗೆ ಔಷಧಿ ಆರಿಸುವ ದೃಶ್ಯವಿದ್ದರೆ ತಮ್ಮ ಆರು ಸಲ ರಿಹರ್ಸಲ್ ಬೇಕು ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಕ್ಕನಿಗೆ ಆ ನಗುವೂ ಹೇಸಿಗೆಯೇ.

ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಒಬ್ಬ ಹೆಂಗಸು ಕಾಯುತ್ತಿದ್ದಳು. ಇದೂ ಮಾಮೂಲು. ಜನ ಎಕ್ಸ್‌ರೇ, ರಕ್ತದ ರಿಪೋರ್ಟು ಹಿಡಿದುಕೊಂಡು ಅವನ ಹತ್ತಿರ ಬರುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಹೇಳುವ ಬುದ್ಧಿ ಅವನಿಗೆ ಮೊದಲೆರಡು ವರ್ಷ ಇತ್ತು.

“ಸಾರ್, ನಮ್ಮ ಯಜಮಾನ್ರು ಕುಡೀತಾರೆ. ನೀವು ಹೇಳಿದ್ರೆ ಕೇಳ್ತಾರೆ. ನಿಮ್ಮ ಸೀರಿಯಲ್ ಒಂದು ದಿನಾನೂ ತಪ್ಪಿಸಲ್ಲ.”

ಅವನು ಅವಳ ಫೋನು ತೆಗೆದುಕೊಂಡು ಆ ಗಂಡನೊಂದಿಗೆ ಹತ್ತು ನಿಮಿಷ ಮಾತಾಡಿದ. “ನಿಮ್ಮ ಲಿವರ್ ನಿಮ್ಮೊಬ್ಬರದಲ್ಲಪ್ಪಾ, ನಿಮ್ಮ ಮಕ್ಕಳದ್ದು,” ಎಂದ. ಕಣ್ಣು ತುಂಬಿಕೊಂಡ. ಆಗಷ್ಟೇ ಎರಡು ಕಂದು ಬಾಟಲಿ ಖಾಲಿ ಮಾಡಿದ್ದ. ಹೆಂಗಸು ಅಳುತ್ತ ಕೈಮುಗಿದು ಹೋದಳು. ಅವನು ಅಕ್ಕನ ಕಡೆ ತಿರುಗಿ, “ಹೇಗಿತ್ತು?” ಎಂದು ಹುಬ್ಬು ಹಾರಿಸಿದ. ಅಕ್ಕನಿಗೆ ಅಲ್ಲೇ ಒಂದು ಬಿಡಬೇಕು ಅನ್ನಿಸಿತು. ಹೊಡೆದರೆ ಬಣ್ಣ ಅಳಿಸುತ್ತದೆ ಎಂದು ಸುಮ್ಮನಾದಳು, ನೋಡಿ, ಅವಳ ಬಾಳು ಅಲ್ಲಿಗೆ ಬಂದು ನಿಂತಿತ್ತು.

ಭಾನುವಾರ ಅವನ ಮುಖಕ್ಕೆ ಮಫ್ಲರ್ ಸುತ್ತಿ ನಿಜವಾದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ವೈದ್ಯೆ ಕಡ್ಡಿ ತುಂಡು ಮಾಡಿದಂತೆ ಮಾತಾಡುವವಳು. ಅವನ ಹೊಟ್ಟೆ ಒತ್ತಿ ನೋಡಿದಳು, ರಿಪೋರ್ಟು ಓದಿದಳು, ಅವನಿಗಲ್ಲ, ಅಕ್ಕನಿಗೆ ಹೇಳಿದಳು.

“ಇವತ್ತೇ ಅಡ್ಮಿಟ್ ಆಗ್ಬೇಕು. ಆರು ವಾರ ಇಲ್ಲೇ ಇರ್ಬೇಕು. ಮನೇಲೇ ಇದ್ದು ಬಿಡಿಸ್ತೀನಿ ಅನ್ನೋ ಸಾಹಸ ಬೇಡ, ತಟ್ಟನೆ ನಿಲ್ಸಿದ್ರೂ ಪ್ರಾಣಕ್ಕೆ ಅಪಾಯ. ಈಗ ಬಂದ್ರೆ ಉಳಿಸ್ಬಹುದು. ಹೀಗೇ ಕುಡೀತಾ ಇದ್ರೆ ಮೂರು ತಿಂಗಳು ನೋಡೋದಿಲ್ಲ.”

“ನಮ್ಮ ಅನುಭವದಲ್ಲಿ ಇಂಥ ಕೇಸ್‌ಗಳು...” ಎಂದು ತಮ್ಮ ಶುರುಮಾಡಿದ.

ವೈದ್ಯೆ ಪೆನ್ನು ಕೆಳಗಿಟ್ಟಳು. “ನಿಮ್ಮ ಅನುಭವದಲ್ಲಿ ಏನ್ರೀ?”

“ಒಂಬತ್ತು ವರ್ಷ ಡಾಕ್ಟರಾಗಿದೀನಿ ಮೇಡಂ ನಾನೂನು.”

ತಮಾಷೆಗೆ ಅಂದನೋ ನಿಜಕ್ಕೇ ಅಂದನೋ ಅಕ್ಕನಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆದರೆ ಹೊರಗೆ ಬಂದು ಕಾರಿನಲ್ಲಿ ಕೂತಾಗ ಅವನು ನಿಜವಾಗಿಯೂ ಹೆದರಿದ್ದ. ಅವಳ ಮಣಿಕಟ್ಟು ಹಿಡಿದು, “ಅಕ್ಕ, ನನಗೆ ಸಾಯೋಕಿಷ್ಟ ಇಲ್ಲ ಕಣೇ. ಪ್ರೊಡ್ಯೂಸರ್ ಮೇಡಂ ಹತ್ರ ರಜೆ ಕೊಡಿಸು, ನಾಳೆನೇ ಸೇರ್ಕೋತೀನಿ. ನಾನಾಗಿ ಕೇಳಿದ್ರೆ ಪಾತ್ರ ಬೇರೆಯವರಿಗೆ ಹೋಗುತ್ತೆ,” ಅಂದ. ಹತ್ತು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು. ಅದೂ ಹೆಂಡದ ವಾಸನೆಯ ಜೊತೆಗೇ ಬಂತು, ಆದರೂ ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಸೋಮವಾರ ಅವಳು ನಿರ್ಮಾಪಕಿಯ ಕೋಣೆಗೆ ಹೋದಳು. ಮೇಡಂ ಕೆಟ್ಟವಳೇನಲ್ಲ, ಯಾರಿಗಾದರೂ ಮಗುವಾದರೆ ಮೊದಲು ಬಟ್ಟೆ ತಂದುಕೊಡುತ್ತಿದ್ದವಳು. ಅಕ್ಕ ರಿಪೋರ್ಟನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ಕಾಗದವನ್ನು ತಿರುವಿ ನೋಡಿ, “ಇದು ಯಾವ ಎಪಿಸೋಡ್‌ದು? ಆಸ್ಪತ್ರೆ ಹೆಸರೇ ತಪ್ಪು ಹಾಕಿದಾರಲ್ಲ,” ಅಂದಳು.

ಅವಳದೇನೂ ತಪ್ಪಿಲ್ಲ. ಕಲಾ ವಿಭಾಗದವರು ಇಂಥ ರಿಪೋರ್ಟುಗಳನ್ನು ದಿನಕ್ಕೆ ಹತ್ತು ಮುದ್ರಿಸುತ್ತಿದ್ದರು. ಇದು ನಿಜವಾದದ್ದು ಎಂದು ಅಕ್ಕ ಬಿಡಿಸಿ ಹೇಳಿದಾಗ ಮೇಡಂ ಶನಿವಾರದ ದೃಶ್ಯವನ್ನು ಪರದೆಯ ಮೇಲೆ ಹಾಕಿ ತೋರಿಸಿದಳು. ನೀಲಿ ಕನ್ನಡಕ, ಗುಲಾಬಿ ಕೆನ್ನೆ, ಆ ನಗು.

“ನೋಡಕ್ಕ, ಎಷ್ಟು ಚೆನ್ನಾಗಿದಾನೆ. ಸಾಯೋ ಮುಖಾನಾ ಇದು? ಅವ್ನು ನಿನ್ನ ಕಣ್ಣಿಗೆ ಮಣ್ಣೆರಚ್ತಿದಾನೆ. ಆರು ವಾರ ಅವ್ನಿಲ್ದೆ ಸೀರಿಯಲ್ ನಡ್ಸೋಕಾಗುತ್ತಾ? ಸ್ವಲ್ಪ ಕಮ್ಮಿ ಮಾಡ್ಕೋ ಅಂತ ನಾನೇ ಬುದ್ಧಿ ಹೇಳ್ತೀನಿ ಬಿಡು.”

ಪರದೆಯ ಮೇಲಿನ ಆ ಮುಖವನ್ನು ಅಕ್ಕ ಬಹಳ ಹೊತ್ತು ನೋಡಿದಳು. ಅದು ಅವಳ ಕೈಕೆಲಸ. ಎಲ್ಲೂ ಒಂದು ಗೆರೆ ಹೆಚ್ಚುಕಡಿಮೆಯಿಲ್ಲ. ಊರವರ ಕಣ್ಣಿಗೆ ಮಣ್ಣೆರಚುತ್ತಿದ್ದದ್ದು ಯಾರು ಎಂದು ಅವಳಿಗೆ ಆಗ ಸರಿಯಾಗಿ ಅರ್ಥವಾಯಿತು. ರಿಪೋರ್ಟು ತೆಗೆದುಕೊಂಡು ಎದ್ದು ಬಂದಳು. ಬೆಳಗಾದರೆ ಈ ಮುಖಕ್ಕೆ ಒಂದು ಹನಿ ಬಣ್ಣ ಮುಟ್ಟಿಸುವುದಿಲ್ಲ ಎಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದಳು.

ಮಂಗಳವಾರ ಅವನ ಮುಖವನ್ನು ಸೋಪು ಹಾಕಿ ತೊಳೆದಳು. ಕನ್ನಡಕ ಕಿತ್ತುಕೊಂಡು ತನ್ನ ಮೇಕಪ್ ಪೆಟ್ಟಿಗೆಗೆ ಹಾಕಿಕೊಂಡಳು. ಕನ್ನಡಿಯಲ್ಲಿ ಅವನನ್ನು ಅವನೇ ನೋಡಿ, “ಥೂ, ಯಾರಿದು,” ಅಂದ. ಮೂಗಿನ ಮೇಲೆ ಜೇಡನ ಬಲೆಯಂತೆ ಕೆಂಪು ನರಗಳು, ಊದಿದ ಕೆನ್ನೆ, ಬಿರಿದ ತುಟಿ, ಮೊಟ್ಟೆಯ ಹಳದಿಯಂಥ ಕಣ್ಣು. ರಜೆ ಬೇಕೋ ಬೇಡವೋ ಎಂದು ಅವಳು ಕೇಳಿದಳು. ಬೇಕು ಅಂದ. ಹಾಗಾದರೆ ನಡಿ ಎಂದು ರಟ್ಟೆ ಹಿಡಿದು ಸೆಟ್ಟಿಗೆ ಕರೆದುಕೊಂಡು ಹೋದಳು.

ಅವನನ್ನು ನೋಡಿದ್ದೇ ತಡ, ಅಷ್ಟು ದೊಡ್ಡ ಸೆಟ್ಟು ಗಪ್‌ಚುಪ್ಪಾಯಿತು. ಲೈಟ್ ಹಿಡಿದವನು ಹಿಡಿದ ಹಾಗೇ ನಿಂತ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು, ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಕ್ಕನ ಎದೆಯಲ್ಲಿ ಎಷ್ಟೋ ದಿನದ ಭಾರ ಇಳಿದಂತಾಯಿತು. ನೋಡಿದರಲ್ಲ, ಇನ್ನು ಸಾಕು, ಟ್ಯಾಕ್ಸಿ ಕರೆಯಬಹುದು ಎಂದುಕೊಳ್ಳುತ್ತಿರುವಾಗಲೇ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು, ಇಬ್ಬರು, ಆಮೇಲೆ ಎಲ್ಲರೂ.

“ಏನು ಮೇಕಪ್ ಅಕ್ಕಾ!” ಮೇಡಂ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. “ನಿನ್ನೆ ನೀನು ಹೇಳಿದ್ದು ಇದಾ? ಡಾಕ್ಟ್ರಿಗೇ ಕಾಯಿಲೆ ಬರೋ ಕತೆ! ನನಗೆ ಹೊಳೀಲೇ ಇಲ್ಲ ನೋಡು. ಜನ ಅತ್ತೂ ಅತ್ತೂ ಸಾಯ್ತಾರೆ!”

“ಮೇಕಪ್ ಅಲ್ಲ ಇದು!” ಅಕ್ಕ ಕೂಗಿದಳು. “ಇದೇ ಅವ್ನ ಮುಖ! ದಿನಾ ನೀವು ನೋಡ್ತಿದ್ದಿದ್ದು ಮೇಕಪ್!”

ಜನ ನಕ್ಕರು. ದೊಡ್ಡ ಕಲಾವಿದರು ಹೀಗೇ ಮಾತಾಡುತ್ತಾರೆ ಎಂದು ಯಾರೋ ಅಂದದ್ದೂ ಕೇಳಿಸಿತು. ನಿರ್ದೇಶಕ ಮಾತ್ರ ನಗಲಿಲ್ಲ. ಅವನು ಹತ್ತಿರ ಬಂದು ತಮ್ಮನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿದ. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಅದಕ್ಕೆ ಏನೂ ಅಂಟಿರಲಿಲ್ಲ. ಒಂದು ಕ್ಷಣ ಅಕ್ಕನನ್ನೂ ನೋಡಿದ. ಅವನಿಗೆ ಗೊತ್ತಾಯಿತು, ಅವನಿಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಆಮೇಲೆ ಅವನು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, “ಲೈಟ್ ಸ್ವಲ್ಪ ಎಡಕ್ಕೆ ತಗೊಳ್ರಪ್ಪಾ, ಕಣ್ಣು ಚೆನ್ನಾಗಿ ಕಾಣ್ಬೇಕು,” ಅಂದ.

ತಮ್ಮನ ಮುಖ ನೋಡಬೇಕಿತ್ತು. ಅವನಿಗೆ ರಜೆಯೂ ಮರೆತುಹೋಗಿತ್ತು, ಸಾವೂ ಮರೆತುಹೋಗಿತ್ತು. ಚಪ್ಪಾಳೆ ತಟ್ಟಿದವರಿಗೆಲ್ಲ ಎರಡೂ ಕೈ ಜೋಡಿಸಿ ಬಾಗುತ್ತಿದ್ದ.

ಒಂದು ತಿಂಗಳು ಆ ಕತೆ ಎಳೆದರು. ಮುಗಿದ ತಕ್ಷಣ ಆರಲ್ಲ, ಎಂಟು ವಾರ ರಜೆ ಕೊಡುತ್ತೇನೆ ಎಂದು ಮೇಡಂ ಅಕ್ಕನ ಮೂಗಿಗೆ ತುಪ್ಪ ಸವರಿದಳು. ಪರದೆಯ ಮೇಲೆ ದೇವರಂಥ ಡಾಕ್ಟರು ಹಾಸಿಗೆ ಹಿಡಿದ. ಊರೂರಲ್ಲಿ ಜನ ಅವನಿಗಾಗಿ ಉಪವಾಸ ಕೂತರು. ಒಬ್ಬ ಮುದುಕ ತನ್ನ ಕಿಡ್ನಿ ಕೊಡುತ್ತೇನೆಂದು ಪತ್ರ ಬರೆದ. ಕಾಯಿಲೆ ಕಿಡ್ನಿಯದಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ಪತ್ರಿಕೆಯವರು ಅಕ್ಕನಿಗೆ ಫೋನು ಮಾಡಿ, ಆ ಹಳದಿ ಬಣ್ಣವನ್ನು ಹೇಗೆ ಬೆರೆಸುತ್ತೀರಿ ಎಂದು ಕೇಳಿದರು. “ಹತ್ತು ವರ್ಷ ಬೇಕಾಗುತ್ತೆ,” ಅಂದಳು. ಅದನ್ನೇ ಹಾಗೇ ಅಚ್ಚು ಹಾಕಿದರು. ಆ ವರ್ಷದ ಒಳ್ಳೆಯ ಪ್ರಸಾಧನದ ಬಹುಮಾನವೂ ಅವಳಿಗೆ ಬಂತು, ಅವಳು ಮುಟ್ಟದ ಮುಖಕ್ಕೆ. ವೇದಿಕೆ ಹತ್ತಿ ತೆಗೆದುಕೊಂಡಳೋ ಇಲ್ಲವೋ ಅನ್ನುತ್ತೀರಾ? ತೆಗೆದುಕೊಂಡಳು. ಥ್ಯಾಂಕ್ಸ್ ಕೂಡ ಹೇಳಿದಳು.

ಅದಕ್ಕಿಂತ ಹೊಲಸು ಇನ್ನೊಂದಿತ್ತು. ಸೀರಿಯಲ್ಲುಗಳಲ್ಲಿ ನಿನ್ನೆಯ ದೃಶ್ಯಕ್ಕೂ ಇವತ್ತಿನದಕ್ಕೂ ತಾಳೆಯಾಗಬೇಕು. ನಿನ್ನೆ ಗುಂಡಿ ಬಿಚ್ಚಿದ್ದರೆ ಇವತ್ತೂ ಬಿಚ್ಚಿರಬೇಕು. ಅದನ್ನು ನೋಡಿಕೊಳ್ಳಲು ಒಬ್ಬ ಕಂಟಿನ್ಯುಟಿಯವನಿರುತ್ತಾನೆ. ಆ ಪುಣ್ಯಾತ್ಮ ದಿನಾ ಬೆಳಿಗ್ಗೆ ನಿನ್ನೆಯ ಫೋಟೋ ತಂದು ತಮ್ಮನ ಮುಖದ ಪಕ್ಕ ಹಿಡಿಯುತ್ತಿದ್ದ. ಒಂದು ದಿನ ಅಕ್ಕ ಹೇಗೋ ಕಾಡಿ ಬೇಡಿ ಎರಡು ತುತ್ತು ಅನ್ನ ತಿನ್ನಿಸಿ, ಕುಡಿತ ಅರ್ಧಕ್ಕಿಳಿಸಿ ಕರೆತಂದಿದ್ದಳು.

“ಇವತ್ತು ಸ್ವಲ್ಪ ಗೆಲುವಾಗಿದಾರೆ. ಮ್ಯಾಚ್ ಆಗಲ್ಲ ಅಕ್ಕ,” ಅಂದ ಕಂಟಿನ್ಯುಟಿಯವನು. “ಕಣ್ಣಿಗೇನಾದ್ರೂ ಮಾಡಿ.”

“ಅವಳಿಗ್ಯಾಕೆ ಕಷ್ಟ ಕೊಡ್ತೀಯಪ್ಪಾ,” ಎಂದು ತಮ್ಮ ಕುರ್ಚಿಯಿಂದ ಎದ್ದ. “ನಂದು ನಾನೇ ಮಾಡ್ಕೋತೀನಿ.”

ಸೀದಾ ಹೋಗಿ ಗಾಜಿನ ಬೀರು ತೆರೆದ. ಈಗ ರಿಹರ್ಸಲ್ಲಿನ ನೆಪವೂ ಬೇಕಿರಲಿಲ್ಲ. ಕುಡಿಯುವುದೇ ಅವನ ಕೆಲಸವಾಗಿತ್ತು, ಸಮಯಕ್ಕೆ ಸರಿಯಾಗಿ ಬಂದು ಮೈಮುರಿದು ಕುಡಿಯುತ್ತಿದ್ದ. ಪಾತ್ರಕ್ಕಾಗಿ ದೇಹ ಸವೆಸುತ್ತಿದ್ದೇನೆ ಎಂದು ಸಂದರ್ಶನದಲ್ಲಿ ಹೇಳಿದ. ಹೇಳುವಾಗ ತುಟಿಯ ಮೂಲೆಯಲ್ಲಿ ಜೊಲ್ಲು ಕೂತಿತ್ತು, ಸಂದರ್ಶನ ಮಾಡುವವಳು ಭಕ್ತಿಯಿಂದ ತಲೆದೂಗುತ್ತಿದ್ದಳು. ಮನೆಯಲ್ಲಿ ಅಕ್ಕ ಟಿವಿ ಆರಿಸಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಎಷ್ಟು ತೊಳೆದರೂ ಅಂಟಂಟು ಹೋದಂತೆ ಅನ್ನಿಸಲಿಲ್ಲ.

ಅವಳಂತೂ ದಿನ ಎಣಿಸುತ್ತಿದ್ದಳು. ವೈದ್ಯೆಗೆ ಎರಡು ಸಲ ಫೋನು ಮಾಡಿ, ಹಾಸಿಗೆ ಹಿಡಿದಿಡಲು ಕೇಳಿಕೊಂಡಳು. “ಹಾಸಿಗೆ ಇರುತ್ತೆ. ಅವ್ರು ಇರ್ತಾರಾ ನೋಡ್ಕೊಳ್ಳಿ,” ಎಂದು ವೈದ್ಯೆ ಗದರಿದಳು. ಕೊನೆಗೆ ಆ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿ ಗೇಟಿನ ಹತ್ತಿರ ನಿಂತಿತ್ತು. ಅವನ ಬಟ್ಟೆಯ ಚೀಲವನ್ನು ಅವಳೇ ತುಂಬಿ ಹಿಂದಿನ ಸೀಟಿನಲ್ಲಿಟ್ಟಿದ್ದಳು. ಸಹಿ ಮಾಡಬೇಕಾದ ಒಂದು ಕಾಗದವಿದೆ ಎಂದು ಅವನು ಒಳಗೆ ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದಾಗ ಮೇಕಪ್ ಕೋಣೆಯ ಕುರ್ಚಿಯಲ್ಲಿ ಕೂತಿದ್ದ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಮೇಡಂ ಬಾಗಿಲಲ್ಲಿ ನಿಂತಿದ್ದಳು.

“ನಾನು ಹಿಡ್ಕೊಂಡಿಲ್ಲಕ್ಕ, ದೇವರಾಣೆ,” ಅಂದಳು ಮೇಡಂ. “ಹೋಗು ಅಂತಾನೇ ಹೇಳಿದೆ. ಜನ ಡಾಕ್ಟ್ರು ಹುಷಾರಾಗ್ಬೇಕು ಅಂತ ಗಲಾಟೆ ಮಾಡ್ತಿದಾರೆ, ಎದ್ದು ಕೂರೋ ಸೀನ್ ಬೇರೆ ಯಾರನ್ನಾದ್ರೂ ಹಿಂದಿನಿಂದ ತೋರಿಸಿ ತೆಗೀತೀವಿ ಅಂದೆ. ಅವ್ನೇ ಒಪ್ತಿಲ್ಲ.” ಅಷ್ಟು ಹೇಳಿ ಕೈ ತೊಳೆದುಕೊಂಡವಳಂತೆ ಹೊರಟುಹೋದಳು.

ಅಕ್ಕ ಬಾಗಿಲು ಹಾಕಿದಳು. ಅವನ ಹೊಟ್ಟೆ ಬಸುರಿಯ ಹೊಟ್ಟೆಯಂತೆ ಅಂಗಿಯನ್ನು ದೂಡುತ್ತಿತ್ತು. ಪಾದಗಳು ಊದಿ ಚಪ್ಪಲಿಯಿಂದಾಚೆ ಚೆಲ್ಲಿದ್ದವು.

“ಏಳೋ.”

“ಒಂದೇ ದಿನ ಅಕ್ಕ. ಡಾಕ್ಟ್ರು ಹುಷಾರಾಗಿ ಎದ್ದು ಬರೋ ಸೀನು. ನನ್ನ ಬೆನ್ನು ಅಂತ ಇನ್ಯಾರದೋ ಬೆನ್ನು ತೋರಿಸ್ತಾರಂತೆ, ನೋಡು ಧೈರ್ಯ. ಹಳೇ ಮುಖ ಹಾಕ್ಕೊಡು. ಸಾಯಂಕಾಲ ಹೋಗೋಣ.”

“ಸಾಯಂಕಾಲ ಆದ್ಮೇಲೆ ನಾಳೆ ಅಂತೀಯ. ನಾಳೆ ಆದ್ಮೇಲೆ ನಾಡಿದ್ದು. ಟ್ಯಾಕ್ಸಿ ನಿಂತಿದೆ. ಈಗ ಎದ್ದು ಬಂದ್ರೆ ಬದುಕ್ತೀಯ. ಇಲ್ದಿದ್ರೆ ನಾನು ಇನ್ನು ನಿನ್ನ ಮುಖ ಮುಟ್ಟಲ್ಲ. ನಿಜ ಹೇಳ್ಲಾ? ನಿನ್ನ ಮುಟ್ಟೋಕೆ ನನಗೆ ಅಸಹ್ಯ ಆಗುತ್ತೆ ಕಣೋ. ಎಷ್ಟೋ ವರ್ಷದಿಂದ. ನೀನು ಕೆಮ್ಮಿದ್ರೆ ಅಸಹ್ಯ, ನೀನು ನಕ್ರೆ ಅಸಹ್ಯ. ಆದ್ರೂ ಎಳ್ಕೊಂಡು ಹೋಗೋಕೆ ಬಂದಿದೀನಿ. ಏಳು.”

ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ. ಒಂದು ಗಳಿಗೆ ಅವನ ಹಳೆಯ ಮುಖ, ಊಟದ ಡಬ್ಬಿ ಹಿಡಿದು ಬರುತ್ತಿದ್ದವನ ಮುಖ, ಆ ಊತದ ಒಳಗಿಂದ ಇಣುಕಿದಂತಾಯಿತು. ಬರುತ್ತಾನೆ ಎಂದೇ ಅವಳು ಅಂದುಕೊಂಡಳು. ಅವನು ಕೈ ಚಾಚಿದ. ಚಾಚಿ, ಅವಳ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡ.

“ಬೇಡ ಬಿಡು. ನೋಡಿ ನೋಡಿ ನನಗೂ ಬರುತ್ತೆ.”

ನಿಜಕ್ಕೂ ಬರುತ್ತಿತ್ತು. ಮೊದಲು ನೇರಳೆ ತೆಗೆದ. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು ಹಣೆಗೆ, ಕೆನ್ನೆಗೆ, ಗದ್ದಕ್ಕೆ ಒತ್ತಿಕೊಂಡ. ಅದರ ಮೇಲೆ ಮೈಬಣ್ಣ. ಸ್ಪಾಂಜು ಎರಡು ಸಲ ಕೆಳಗೆ ಬಿತ್ತು. ನೆಲದಿಂದ ಎತ್ತಿ, ಕೂದಲು ಹತ್ತಿದ್ದನ್ನು ಊದಿ, ಅದರಲ್ಲೇ ಮತ್ತೆ ಬಳಿದುಕೊಂಡ. ಬೆವರಿಗೆ ಬಣ್ಣ ಜಾರಿತು, ಪೌಡರು ಹಾಕಿ ನಿಲ್ಲಿಸಿದ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಇವನ ಕೈ ಒಂದಿಷ್ಟೂ ತಡೆಯಲಿಲ್ಲ. ಎಷ್ಟು ಆಸೆಯಿಂದ, ಎಷ್ಟು ಜತನದಿಂದ ಬಳಿದುಕೊಳ್ಳುತ್ತಿದ್ದ ಎಂದರೆ, ಇವನಿಗೆ ಹತ್ತಿದ್ದ ಚಟ ಬಾಟಲಿಯದೊಂದೇ ಅಲ್ಲ ಎಂದು ಅಕ್ಕನಿಗೆ ಆಗ ಹೊಳೆಯಿತು. ಬಾಟಲಿಯನ್ನಾದರೂ ಬಿಡಿಸುವ ಆಸ್ಪತ್ರೆಯಿದೆ.

ಅವನು ಪೆಟ್ಟಿಗೆಯಲ್ಲಿದ್ದ ನೀಲಿ ಕನ್ನಡಕ ಏರಿಸಿಕೊಂಡು ಅವಳ ಕಡೆ ತಿರುಗಿದ. ಆ ನೀಲಿ, ಆ ಗುಲಾಬಿ, ಆ ನಗು.

“ಸರಿಯಾಗಿದ್ಯಾ ಅಕ್ಕ?”

ಅವಳು ಹೇಳಬೇಕಾದ ಮಾತುಗಳು ಬೇಕಾದಷ್ಟಿದ್ದವು. ಎಲ್ಲ ನಾಲಿಗೆಯ ತುದಿಗೇ ಬಂದಿದ್ದವು. ಆದರೆ ಅವಳ ಕಣ್ಣು ಹೋದದ್ದು ಅವನ ಎಡಗಿವಿಯ ಕೆಳಗೆ. ಅಲ್ಲಿ ಎರಡು ಬೆರಳಗಲ ಹಳದಿ ಹಾಗೇ ಉಳಿದಿತ್ತು, ಅಂಚಿನಲ್ಲಿ ಬಣ್ಣ ಗೆರೆ ಎಳೆದಂತೆ ನಿಂತಿತ್ತು. ಕ್ಯಾಮೆರಾ ಎಡಗಡೆಯಿಂದ ಬಂದರೆ ಎದ್ದು ಕಾಣುತ್ತದೆ. ಅವಳು ಯೋಚಿಸಲಿಲ್ಲ. ಪೆಟ್ಟಿಗೆಯಿಂದ ಹೊಸ ಸ್ಪಾಂಜು ತೆಗೆದು, ನೇರಳೆಯಲ್ಲಿ ಅದ್ದಿ, ಅವನ ಗದ್ದ ಹಿಡಿದು ಆ ಕಡೆ ತಿರುಗಿಸಿ, ಅಂಚನ್ನು ನಯವಾಗಿ ಬೆರೆಸಿಬಿಟ್ಟಳು. ಅವನು ಕಣ್ಣು ಮುಚ್ಚಿ, ಅಮ್ಮನ ಎದುರು ಮಗು ತಲೆಯೊಡ್ಡಿದಂತೆ ಕತ್ತು ಒಡ್ಡಿ ಕೂತಿದ್ದ.

ಕೆಲಸ ಮುಗಿದ ಮೇಲೆಯೇ ತಾನು ಮಾಡಿದ್ದೇನು ಎಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅವನು ಎದ್ದು, ಬಿಳಿ ಕೋಟು ಹಾಕಿಕೊಂಡು, ಗೋಡೆ ಹಿಡಿದು ಹಿಡಿದು ಸೆಟ್ಟಿನ ಕಡೆ ಹೊರಟಿದ್ದ. ಒಳಗಿನಿಂದ ಚಪ್ಪಾಳೆ ಕೇಳಿಸಿತು. ಅವಳು ಸ್ಪಾಂಜನ್ನು ಬೇಸಿನ್ನಿಗೆ ಎಸೆದು, ಬಾಗಿ ನಿಂತು ವಾಂತಿ ಮಾಡಿಕೊಂಡಳು. ನಲ್ಲಿ ಬಿಡುವ ಗೋಜಿಗೂ ಹೋಗಲಿಲ್ಲ.

ಅವನು ಆಮೇಲೆ ಹತ್ತೊಂಬತ್ತು ದಿನ ಬದುಕಿದ. ಅದರಲ್ಲಿ ಹದಿನಾರು ದಿನ ಶೂಟಿಂಗ್ ಇತ್ತು. ಹದಿನಾರೂ ದಿನ ಬೆಳಿಗ್ಗೆ ಏಳೂವರೆಗೆ ಅಕ್ಕ ಕೋಣೆಯ ಬೀಗ ತೆಗೆದಳು.